ಬಳೇಪೇಟೆಯ ಪೆಟ್ಟಿಗೆ ಮೇಷ್ಟ್ರು

ಬಳೇಪೇಟೆಯಲ್ಲಿ ನಮ್ಮ ಮೇಷ್ಟ್ರ ಅಂಗಡಿ ಇದ್ದ ಕಟ್ಟಡವನ್ನು ಒಡೆದು ಹಾಕಿದ್ದಾರೆ. ಈಚೆಗೆ ಆ ಕಡೆ ಹೋದಾಗ ಸುತ್ತ ತಗಡಿನ ಬೇಲಿ. ಇಲ್ಲೇನಪ್ಪಾ ಬರುತ್ತೆ ಅಂತ ಕಾವಲಿನವನನ್ನು ಕೇಳಿದೆ. "ಕಾಂಪ್ಲೆಕ್ಸು ಸಾರ್" ಅಂದ. ಇನ್ನೇನು ಬಂದೀತು! ವಾದ್ಯ ಮಾರುವ ಅಂಗಡಿಗಳು ಆ ಬೀದಿಯಲ್ಲಿ ಇನ್ನೂ ಇವೆ. ವೀಣೆ, ತಬಲ, ಪ್ಲಾಸ್ಟಿಕ್ ಕವರಿನಲ್ಲಿ ನೇತುಹಾಕಿದ ಗಿಟಾರು, ಎಲ್ಲ ಸಿಗುತ್ತವೆ. ಕೊಂಡ ವಾದ್ಯದ ಸ್ವರ ಇಳಿದಿದೆ ಅಂತ ವಾಪಸು ತೆಗೆದುಕೊಂಡು ಹೋದರೆ "ಕಂಪನಿಗೆ ಕಳಿಸಬೇಕು" ಅನ್ನುತ್ತಾರೆ. ಮೇಷ್ಟ್ರ ಅಂಗಡಿಯಲ್ಲಿ ಕಂಪನಿ ಅಂದರೆ ನಾಟಕದ ಕಂಪನಿ ಮಾತ್ರ.

ಅವರು ಅಂಥದ್ದೊಂದು ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸಿದವರು. ಸಿನಿಮಾ ಬಂದು ಕಂಪನಿ ಮುಚ್ಚಿಕೊಂಡ ಮೇಲೆ ಹಾರ್ಮೋನಿಯಂ ರಿಪೇರಿಗೆ ಕೂತರು. ಮೆಟ್ಟಿಲ ಕೆಳಗಿನ ಜಾಗ, ಎದ್ದು ನಿಂತರೆ ತಲೆಗೆ ತಾಗುತ್ತಿತ್ತು. ಒಳಗೆ ಹೋದ ತಕ್ಷಣ ಮೂಗಿಗೆ ಬಡಿಯುತ್ತಿದ್ದದ್ದು ಅರಗು ಕರಗಿಸಿದ ಸ್ಪಿರಿಟ್ಟು, ಕಾಯಿಸಿದ ಅಂಟು, ಹಳೆಯ ತಿದಿಯ ಚರ್ಮ, ಅದರ ಮೇಲೊಂದು ಗಣೇಶ ಬೀಡಿ. ಇವತ್ತಿಗೂ ಯಾರ ಮನೆಯಲ್ಲಾದರೂ ಮೇಜಿಗೆ ಪಾಲಿಷ್ ಹಾಕುತ್ತಿದ್ದರೆ ನನಗೆ ಷಡ್ಜ ಕೇಳಿಸುತ್ತದೆ. ರೀಡಿನ ಸ್ವರ ಏರಿಸಬೇಕಾದರೆ ಅದರ ತುದಿಯಲ್ಲಿ ಅರದಿಂದ ಹಗುರಾಗಿ ಒಂದೆಳೆ ಉಜ್ಜುತ್ತಿದ್ದರು, ಇಳಿಸಬೇಕಾದರೆ ಬುಡದಲ್ಲಿ. ಉಜ್ಜಿ, ಬಾಯಿಗಿಟ್ಟು ಊದಿ, ಕಣ್ಣು ಮುಚ್ಚಿ ಕೇಳಿ, ಮತ್ತೆ ಒಂದೆಳೆ. ಮಧ್ಯೆ ಯಾರಾದರೂ ಮಾತಾಡಿದರೆ ಬೈಗುಳ.

ಹಾರ್ಮೋನಿಯಂ ಬಗ್ಗೆ ಅವರಿಗೆ ಹೊಟ್ಟೆಪಾಡಿನ ಪ್ರೀತಿಯೂ ಇತ್ತು, ಒಳಗೊಳಗೇ ಒಂದು ಅವಮಾನವೂ ಇತ್ತು. 1940ರಲ್ಲಿ ರೇಡಿಯೋದವರು ಈ ಪೆಟ್ಟಿಗೆಗೆ ಬಾಗಿಲು ಹಾಕಿದ್ದರು, ತೆರೆದದ್ದು 1971ರಲ್ಲಿ. ಗಮಕ ಬಾರದ ಪರದೇಶಿ ವಾದ್ಯ ಎಂಬುದು ಅದರ ಮೇಲಿನ ಆಪಾದನೆ. ಮೇಷ್ಟ್ರು ಅದನ್ನು ಅಲ್ಲಗಳೆಯುತ್ತಿರಲಿಲ್ಲ. "ಹನ್ನೆರಡು ಮನೆ ಇದಾವೆ, ಮಧ್ಯೆ ಓಣಿ ಇಲ್ಲ" ಅನ್ನುತ್ತಿದ್ದರು.

ಅವರು ನನಗೆ ಕಲಿಸಿದ ಮೊದಲ ದೊಡ್ಡ ಪಾಠಕ್ಕೆ ಖರ್ಚಾದದ್ದು ಒಂದು ಬೆಂಕಿಕಡ್ಡಿ. ಪೆಟ್ಟಿಗೆಯ ಮೊದಲ ಬಿಳಿ ಮನೆಯನ್ನು ಒತ್ತಿ, ಮೇಲೆ ಬಾರದಂತೆ ಸಂದಿಗೆ ಕಡ್ಡಿ ಸಿಕ್ಕಿಸಿದರು. ಆ ಸ್ವರ ಒಂದೇ ಸಮನೆ ಮೊರೆಯತೊಡಗಿತು. ಅಲ್ಲಿಂದ ಬಿಳಿ ಮನೆಗಳನ್ನಷ್ಟೇ ನುಡಿಸಿಕೊಂಡು ಮೇಲೇರಿದರು: ಶಂಕರಾಭರಣ. ಕಡ್ಡಿ ಕಿತ್ತು ಎರಡನೇ ಬಿಳಿ ಮನೆಗೆ ಸಿಕ್ಕಿಸಿದರು. ಬಿಳಿ ಮನೆಗಳು ಅವೇ, ರಾಗ ಮಾತ್ರ ಖರಹರಪ್ರಿಯ. ಮೂರನೆಯದಕ್ಕೆ ತೋಡಿ, ನಾಲ್ಕಕ್ಕೆ ಕಲ್ಯಾಣಿ, ಐದಕ್ಕೆ ಹರಿಕಾಂಭೋಜಿ, ಆರಕ್ಕೆ ನಠಭೈರವಿ. ಏಳನೆಯದಕ್ಕೆ ಬಂದಾಗ ಸುಮ್ಮನೆ ನಕ್ಕರು. ಅಲ್ಲಿ ಪಂಚಮವೇ ಇಲ್ಲ, ಮಧ್ಯಮ ಎರಡೆರಡು. 72 ಮೇಳಗಳಲ್ಲಿ ಅದಕ್ಕೆ ಜಾಗವಿಲ್ಲ. ಇದು ಗ್ರಹಭೇದ ಅಂತ ಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಯೂರೋಪಿನವರು ಇದೇ ಏಳಕ್ಕೆ ಅಯೋನಿಯನ್, ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್, ಏಯೋಲಿಯನ್, ಲೋಕ್ರಿಯನ್ ಅಂತ ಹೆಸರಿಟ್ಟು ಮೋಡ್‌ಗಳು ಅನ್ನುತ್ತಾರೆ. ಮೇಷ್ಟ್ರಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆದರೆ ತೋಡಿಯ ಮನೆಗಳನ್ನು ಒಂದರ ಹಿಂದೊಂದು ಒತ್ತಿ ನಾನು ಹಿಗ್ಗಿದಾಗ ಅವರು ಪೆಟ್ಟಿಗೆ ಮುಚ್ಚಿ ಹಾಡಿ ತೋರಿಸಿದರು. ಅವರ ಗಾಂಧಾರ ಒಂದು ಕಡೆ ನಿಲ್ಲಲೇ ಇಲ್ಲ. ರಿಷಭದ ಹತ್ತಿರದಿಂದ ಎದ್ದು ಮಧ್ಯಮದ ಕಡೆ ತೂಗಿ, ಮತ್ತೆ ಇಳಿದು, ಬೀಡಿ ಸೇದಿದ ಆ ಒಡಕು ದನಿಯಲ್ಲೂ ಅಂಗಡಿ ತುಂಬ ತೋಡಿಯೇ ತೋಡಿ. "ನೀನು ಒತ್ತಿದ್ದು ತೋಡಿಯ ವಿಳಾಸ ಕಣಯ್ಯ, ಅವಳಿನ್ನೂ ಬಾಗಿಲು ತೆಗೆದಿಲ್ಲ" ಅಂದರು.

1980ರ ದಶಕದ ನಡುವೆ ನಾನೊಂದು ಸಿಂಥಸೈಜರ್ ಕೊಂಡೆ. ದುಬೈನಿಂದ ಬಂದವರೊಬ್ಬರು ಮಾರಲು ತಂದಿದ್ದ ಕ್ಯಾಸಿಯೊ ಸಿಝಡ್-101. ಬೆರಳಗಲದ 49 ಮನೆಗಳು, ಪಕ್ಕದಲ್ಲಿ ಸ್ವರ ಬಾಗಿಸುವ ಚಕ್ರ. ಅವರು ಹೇಳಿದ್ದು ಒಂಬತ್ತು ಸಾವಿರ. ಆಗ ಅದು ನಮ್ಮಪ್ಪನ ಹಲವು ತಿಂಗಳ ಸಂಬಳ. ಚೌಕಾಸಿಗೆ ಮೇಷ್ಟ್ರನ್ನೇ ಕೂರಿಸಿದೆ. ಅವರು ಒಂದೊಂದೇ ಮನೆ ಒತ್ತಿಕೊಂಡು ಬಂದು, ಒಂದರ ಮೇಲೆ ಬೆರಳು ನಿಲ್ಲಿಸಿ, ಸಾವಿನ ಸುದ್ದಿ ತಿಳಿಸುವ ಮುಖ ಮಾಡಿ, "ಈ ಮನೆ ಹೋಗಿಬಿಟ್ಟಿದೆಯಲ್ಲ ಸ್ವಾಮಿ" ಅಂದರು. ನಿಜವೇ, ಅದು ನುಡಿಯುತ್ತಿರಲಿಲ್ಲ. ಮಾರುವವರು ಬೆವರಿದರು. ಮೇಷ್ಟ್ರು ಇನ್ನೆರಡು ಸಲ ಒತ್ತಿ ನಿಟ್ಟುಸಿರುಬಿಟ್ಟರು. ಆರು ಸಾವಿರಕ್ಕೆ ಕುದುರಿತು. ಅವರು ಹೊರಟು ಬೀದಿಯ ತಿರುವು ದಾಟಿದ ಮೇಲೆ ಮೇಷ್ಟ್ರು ತಿರುಪು ಬಿಚ್ಚಿ, ಮನೆಯಡಿಯ ರಬ್ಬರನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಮನೆ ಎದ್ದು ಕೂತಿತು. ಧೂಳು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಇದನ್ನು ಜಾಣತನ ಅನ್ನಬೇಕೋ ಮೋಸ ಅನ್ನಬೇಕೋ, ನಾನು ಕೇಳಲಿಲ್ಲ.

ಆಮೇಲೆ ಆ ಚಕ್ರಕ್ಕೆ ಕೈಹಾಕಿದರು. ಗಾಂಧಾರ ಒತ್ತಿ ಹಿಡಿದು ಎಡಗೈಯಲ್ಲಿ ಚಕ್ರ ಹೊರಳಿಸಿದಾಗ ಸ್ವರ ತೂಗಿತು. ಮಧ್ಯಾಹ್ನದ ಊಟ ಹಾಗೇ ಉಳಿಯಿತು. ಒಂದು ಪೂರ್ತಿ ಆಯುಷ್ಯ ಹನ್ನೆರಡು ಮನೆಗಳಲ್ಲಿ ಬಾಡಿಗೆಗಿದ್ದ ಮನುಷ್ಯನಿಗೆ ಕಡೆಗೆ ಓಣಿ ಸಿಕ್ಕಿತ್ತು.

ಅದೇ ಯಂತ್ರ ನನಗೆ ಅನ್ನ ಹಾಕಿತು. ಗಣೇಶನ ಹಬ್ಬದ ಆರ್ಕೆಸ್ಟ್ರಾ, ಮದುವೆ ಮನೆ, ಆಮೇಲೆ ಸ್ಟುಡಿಯೋ. 1987ರಲ್ಲಿ ಪ್ರೇಮಲೋಕ ಬಂದ ಮೇಲಂತೂ ಎಲ್ಲರಿಗೂ ಕೀಬೋರ್ಡಿನ ಸದ್ದು ಬೇಕು. ಕಂಪನಿ ಬೇರೆಬೇರೆಯಾದರೂ ಕೀಬೋರ್ಡು, ಡ್ರಮ್ ಮೆಷಿನ್ನುಗಳು ಮಿಡಿ ತಂತಿಯಲ್ಲಿ ಒಂದಕ್ಕೊಂದು ಮಾತಾಡುವುದು 1983ರಿಂದಲೇ ಶುರುವಾಗಿತ್ತು. ನಮ್ಮ ಸ್ಟುಡಿಯೋಗಳಿಗೆ ಅದು ತಲುಪಿದಾಗ ಪಿಟೀಲಿನವರು ಕಮ್ಮಿಯಾದರು, ಢೋಲಕ್ಕಿನವರು ಕಮ್ಮಿಯಾದರು. ಅವರು ಕೂರುತ್ತಿದ್ದ ಜಾಗದಲ್ಲಿ ನಾನು ಕೂತಿದ್ದೆ. ಹಳೆಯದೇ ಚಂದವಿತ್ತು ಅಂತ ಬರೆಯಲು ಹೊರಟಾಗೆಲ್ಲ ಇದು ಅಡ್ಡ ಬರುತ್ತದೆ.

ಇನ್ನೊಂದು ಸಂಗತಿ ಆಗ ನಮಗ್ಯಾರಿಗೂ ತಿಳಿದಿರಲಿಲ್ಲ. 1982ರಲ್ಲೇ ಮುಂಬೈನಲ್ಲಿ, ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಎಂಬವರು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ರೆಕಾರ್ಡು ಮಾಡಿದ್ದರು. ಅದರಲ್ಲಿ ಭೈರವಿಯೂ ಇದೆ, ಅಂದರೆ ಹೆಚ್ಚುಕಮ್ಮಿ ನಮ್ಮ ತೋಡಿಯದೇ ಸ್ವರಗಳು. ಬಳಸಿದ್ದು ರೋಲಂಡ್ ಕಂಪನಿಯ ಜುಪಿಟರ್-8, ಟಿಆರ್-808 ಡ್ರಮ್ ಮೆಷಿನ್, ಟಿಬಿ-303. ಈ 303 ಗಿಟಾರಿನವರಿಗೆ ಬೇಸ್ ಜೊತೆಗಾರನಾಗಲಿ ಅಂತ ಮಾಡಿದ ಪುಟ್ಟ ಯಂತ್ರ. ಆ ಕೆಲಸಕ್ಕೆ ಯಾರಿಗೂ ಹಿಡಿಸದೆ ಮೂರು ವರ್ಷದಲ್ಲಿ ತಯಾರಿಕೆ ನಿಂತಿತು. ಆದರೆ ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿತ್ತು. ಚರಣ್‌ಜಿತ್ ಸಿಂಗ್ ಕಿವಿಗೆ ಬಿದ್ದದ್ದು ಅದು. ರೆಕಾರ್ಡು ಮಾರಾಟವಾಗಲಿಲ್ಲ. 1987ರಲ್ಲಿ ಷಿಕಾಗೋದ ಫ್ಯೂಚರ್ ತಂಡ ಅದೇ 303ನ್ನು ತಿರುಚಿ ಆಸಿಡ್ ಹೌಸ್ ಎಂಬ ಕುಣಿತದ ಸಂಗೀತ ಶುರುಮಾಡಿತು. 2010ರಲ್ಲಿ ಮುಂಬೈ ರೆಕಾರ್ಡು ಮರುಮುದ್ರಣವಾದಾಗ ಪಶ್ಚಿಮದವರು ಬಾಯಿಮೇಲೆ ಬೆರಳಿಟ್ಟುಕೊಂಡರು. ನಾವೂ ಆಗಲೇ ಕೇಳಿದ್ದು, ಅವರು ಹೇಳಿದ ಮೇಲೆ.

ಇದನ್ನೆಲ್ಲ ಕೆದಕಿದವಳು ನನ್ನ ತಮ್ಮನ ಮಗಳು. ಹಗಲು ಕಂಪ್ಯೂಟರ್ ಕಂಪನಿ, ರಾತ್ರಿ ಅದೇ ಕಂಪ್ಯೂಟರಿನಲ್ಲಿ ಡಾನ್ಸ್ ಮ್ಯೂಸಿಕ್. "ದೊಡ್ಡಪ್ಪ, ಫ್ರಿಜಿಯನ್ ಅಂದ್ರೆ ತೋಡೀನಾ? ನಮ್ಮ ಕೋರ್ಸಲ್ಲಿ ಹಾಗೇ ಹೇಳಿದಾರೆ" ಅಂತ ಕೇಳಿದಳು. ಆ ಕೋರ್ಸಿಗೆ ಅವಳು ಕಟ್ಟಿದ ದುಡ್ಡು ಕೇಳಿ ನನಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅವಳ ಪಾಠದ ಹಾಳೆ ಓದಿದರೆ, ತಪ್ಪೇನೂ ಇಲ್ಲ. ಹೌಸ್ ಸಂಗೀತಕ್ಕೆ ಡೋರಿಯನ್ ಯಾಕೆ ಹೊಂದುತ್ತದೆ ಅಂತ ಚೆನ್ನಾಗಿಯೇ ವಿವರಿಸಿದ್ದಾರೆ: ನಠಭೈರವಿಯ ದುಃಖ, ಆದರೆ ಧೈವತ ಒಂದು ಮನೆ ಮೇಲಿರುವುದರಿಂದ ಮುಖದಲ್ಲಿ ಸ್ವಲ್ಪ ಬೆಳಕು. ಹೀಗೆ ಹೇಳಿದ್ದು ನಾನು, ಅವರದ್ದು ಇನ್ನೂ ಒಣಗಿದ ಮಾತು. ಟ್ರಾನ್ಸ್‌ಗೆ ಫ್ರಿಜಿಯನ್ನು, ಅದರ ಗಾಂಧಾರ ಏರಿಸಿದರೆ ನಮ್ಮ ವಕುಳಾಭರಣ, ನಿಷಾದವನ್ನೂ ಏರಿಸಿದರೆ ಮಾಯಾಮಾಳವಗೌಳ. ನಮ್ಮ ಮಕ್ಕಳು ಸರಳೆ ವರಸೆಗೆ ಮೊಟ್ಟಮೊದಲು ಕೂರುವ ರಾಗ ಅವಳ ಪಾಠದಲ್ಲಿ ಕೊನೆಯ ಅಧ್ಯಾಯ!

ಮೇಷ್ಟ್ರ ಬೆಂಕಿಕಡ್ಡಿಯೂ ಅಲ್ಲಿದೆ. ಸಿನಿಮಾ ಹಾಡಿನ ಹಾಗೆ ಅಡಿಗಡಿಗೆ ಕಾರ್ಡು ಬದಲಾದರೆ ಕಿವಿ ಷಡ್ಜವನ್ನು ಕಳೆದುಕೊಳ್ಳುತ್ತದೆ, ಮೋಡ್‌ನ ಬಣ್ಣ ಅಳಿಸಿಹೋಗುತ್ತದೆ. ಕುಣಿತದ ಸಂಗೀತದಲ್ಲಿ ಬೇಸ್ ನಿಮಿಷಗಟ್ಟಲೆ ಒಂದೇ ಸ್ವರದ ಮೇಲೆ ಕೂತಿರುತ್ತದೆ. ಅದು ತಂಬೂರಿಯೇ, ಸದ್ದು ಜಾಸ್ತಿ ಅಷ್ಟೆ.

ನನ್ನ ಹೊಟ್ಟೆಯುರಿ ಬೇರೆ ಕಡೆ. ಅವಳ ಏಬಲ್ಟನ್ ಲೈವ್‌ನಲ್ಲಿ ಫ್ರಿಜಿಯನ್ ಅಂತ ಆರಿಸಿಕೊಂಡು ಒಂದು ಗುಂಡಿ ಒತ್ತಿದರೆ ಮಿಕ್ಕ ಐದು ಸ್ವರಗಳು ಪರದೆಯಿಂದಲೇ ಮಾಯ. ಅಪಸ್ವರ ನುಡಿಸಬೇಕೆಂದರೂ ಜಾಗವಿಲ್ಲ. ಅಪಸ್ವರವನ್ನೇ ಕೇಳದ ಕಿವಿಗೆ ಸ್ವರ ಯಾವುದು ಅಂತ ಹೇಗೆ ಗೊತ್ತಾಗಬೇಕು? ಅವಳ ಹಾಡುಗಳಲ್ಲಿ ಏಳೂ ಸ್ವರಗಳಿಗೆ ಸಮಪಾಲು, ಯಾವುದರ ಮೇಲೂ ಮೋಹವಿಲ್ಲ.

ಇದನ್ನು ಅವಳಿಗೆ ಹೇಳಿದೆ, ಕೊಂಚ ಜೋರಾಗಿಯೇ. ಅವಳು ತಿರುಗಿ ಕೇಳಿದಳು: "ನಿಮ್ಮ ಮೇಷ್ಟ್ರು ಹೆಣ್ಣುಮಕ್ಕಳಿಗೆ ಕಲಿಸ್ತಿದ್ರಾ?" ಇಲ್ಲ. ಆ ಮೆಟ್ಟಿಲ ಕೆಳಗೆ ಒಬ್ಬ ಹುಡುಗಿ ಕೂತದ್ದನ್ನು ನಾನು ನೋಡಿಲ್ಲ. ಗಂಡುಹುಡುಗರಿಗೂ ಎಲ್ಲರಿಗೂ ಕಲಿಸುತ್ತಿರಲಿಲ್ಲ. ಯಾರ ಮಗ, ಯಾವ ಬೀದಿ ಅಂತ ವಿಚಾರಿಸಿಯೇ ಒಳಗೆ ಬಿಡುತ್ತಿದ್ದದ್ದು. ರೀಡಿಗೆ ಸ್ವರ ಕೂರಿಸುವ ಕೆಲಸವನ್ನಂತೂ ಬೆನ್ನು ತಿರುಗಿಸಿ ಮಾಡುತ್ತಿದ್ದರು. ಅದು ಅವರ ಜೊತೆಗೇ ಹೋಯಿತು. ಕೋರ್ಸು ಮಾರುವವರು ದುಡ್ಡು ಕೇಳುತ್ತಾರೆ, ಜಾತಿ ಕೇಳುವುದಿಲ್ಲ.

ಮೊನ್ನೆ ಒಂದು ಹಾಡು ಕಳಿಸಿದ್ದಳು. ನಿಮಿಷಕ್ಕೆ 128 ಬಡಿತ, ಕೆಳಗೆ ಷಡ್ಜದ ಬೇಸು, ಮೇಲೆ ಬರೀ ನಾಲ್ಕು ಸ್ವರ. ಗಾಂಧಾರ ನೆಟ್ಟಗೆ ನಿಂತಿರಲಿಲ್ಲ. ಸ್ವರ ಬಾಗಿಸುವ ಗೆರೆಯನ್ನು ಪರದೆಯ ಮೇಲೆ ಕೈಯಿಂದ ಎಳೆದು ತೂಗಿಸಿದ್ದಳು. ಮೊದಲ ಸಲ ಕೇಳಿದಾಗ ಎದ್ದು ಕೂತೆ. ನಾಲ್ಕು ಆವರ್ತ ಕಳೆಯುವಷ್ಟರಲ್ಲಿ ಗೊತ್ತಾಯಿತು, ಒಂದೇ ತೂಗು ಮತ್ತೆ ಮತ್ತೆ ಅಚ್ಚು ಹಾಕಿದಂತೆ ಬರುತ್ತಿದೆ. ಫೋನು ಮಾಡಿ, ಎರಡನೇ ಸಲ ಬೇರೆ ಥರ ತೂಗಬೇಕು, ಮೂರನೇ ಸಲ ಇನ್ನೊಂದು ಥರ ಅಂದೆ.

"ಅದು ಲೂಪ್ ದೊಡ್ಡಪ್ಪ. ಹಾಗೆ ಮಾಡ್ಬೇಕು ಅಂದ್ರೆ ಆರೂವರೆ ನಿಮಿಷಾನೂ ಕೈಯಲ್ಲೇ ಬರೀಬೇಕಾಗತ್ತೆ" ಅಂದಳು.

"ಬರಿ" ಅಂದೆ.