ಚಂಡೀಗಢದಲ್ಲೊಂದು ಅಡುಗೆಮನೆ

"ಸಿಮೆಂಟು ಗೋಡೆ ನೋಡಲು ಅಷ್ಟು ದೂರ ಹೋಗಬೇಕೇ?" ಎಂದು ನಾವು ಮೂವರೂ ಗೊಣಗಿದ್ದೆವು. ಹಠ ಹಿಡಿದವಳು ನಮ್ಮ ಡ್ರಾಯಿಂಗ್ ಟೀಚರ್ ಗೆಳತಿ. ಕಾಲೇಜಿನ ದಿನಗಳಿಂದಲೂ ಅವಳೆದುರು ನಮ್ಮ ಆಟ ನಡೆದಿದ್ದುಂಟೇ?

ಚಂಡೀಗಢದಲ್ಲಿ ಲ ಕಾರ್ಬೂಸಿಯೆಯ ಸೆಕ್ರೆಟೇರಿಯಟ್, ವಿಧಾನಸಭೆ, ಹೈಕೋರ್ಟು ಎಲ್ಲ ಭವ್ಯವೇ. 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿವೆ. ಹೈಕೋರ್ಟಿನ ಬಣ್ಣದ ಕಂಬಗಳೆದುರು ಫೋಟೋ ತೆಗೆಸಿಕೊಂಡೆವು. ಆದರೆ ಆ ಬಯಲಿನ ಬಿಸಿಲು! ನನ್ನ ಮಂಡಿ ಮಾತಾಡತೊಡಗಿತು.

ಮಧ್ಯಾಹ್ನ ಸೆಕ್ಟರ್ 22ಕ್ಕೆ ಬಂದೆವು. ಇಲ್ಲಿನ ಸರ್ಕಾರಿ ಮನೆಗಳ ವಿನ್ಯಾಸಕ್ಕೆ ದುಡಿದವಳು ಜೇನ್ ಡ್ರೂ. 1951ರಲ್ಲಿ ಬಂದು ಮೂರು ವರ್ಷ ಇದ್ದ ಇಂಗ್ಲಿಷ್ ವಾಸ್ತುಶಿಲ್ಪಿ. ಮನೆಗಳಿಗೂ ಹುದ್ದೆಯಂತೆ ದರ್ಜೆ. ಆದರೆ ಈ ನಗರದಲ್ಲಿ ಜವಾನನ ಮನೆಗೂ ಎರಡು ಕೋಣೆ, ಪ್ರತ್ಯೇಕ ಅಡುಗೆಮನೆ, ಬಚ್ಚಲು, ಕಕ್ಕಸು, ಅಂಗಳ. ಇಟ್ಟಿಗೆಯ ಜಾಲಂಧ್ರ, ಗಾಳಿ ಬರಬೇಕು, ಬಿಸಿಲು ಬರಬಾರದು.

ನೀರು ಕೇಳಿದ ನಮ್ಮನ್ನು ಅಜ್ಜಿಯೊಬ್ಬರು ಒಳಗೆ ಕರೆದರು. ಅವರ ಪುಟ್ಟ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನಾನು ಅಲ್ಲಿಂದ ಕದಲಲೇ ಇಲ್ಲ. ನಮ್ಮದು ಒಂದೇ ಕೋಣೆಯ ಕ್ವಾರ್ಟರ್ಸು. ಮೂಲೆಯಲ್ಲಿ ಒಲೆ, ಹಳೇ ಸೀರೆ ಕಟ್ಟಿದರೆ ಅದೇ ಬಚ್ಚಲು. ಅಮ್ಮ ಕೆಮ್ಮುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಗೆಳತಿಯರಿಗೆ ನಾನು "ಅಪ್ಪನಿಗೆ ಸರ್ಕಾರಿ ಕೆಲಸ" ಎಂದಷ್ಟೇ ಹೇಳಿದ್ದೆ. ಒಬ್ಬರನ್ನೂ ಒಮ್ಮೆಯೂ ಮನೆಗೆ ಕರೆದಿರಲಿಲ್ಲ.

ಹೊರಗೆ ಬಂದಮೇಲೆ, ಯಾಕೋ, ಹೇಳಿಬಿಟ್ಟೆ. "ನಮ್ಮಪ್ಪ ಜವಾನ ಆಗಿದ್ದರು ಕಣ್ರೇ."

"ಗೊತ್ತಿತ್ತು," ಎಂದಳು ಡ್ರಾಯಿಂಗ್ ಟೀಚರ್, ಜಾಲಂಧ್ರ ಗೀಚುತ್ತಿದ್ದ ಪೆನ್ಸಿಲು ನಿಲ್ಲಿಸದೆ. "ನೀನೇ ಹೇಳಲಿ ಅಂತ ಸುಮ್ಮನಿದ್ದೆವು. ಬಾ, ಎಲ್ಲಾದರೂ ಟೀ ಕುಡಿಯೋಣ."