ಎದೆಯೊಳಗೊಂದು ಅಡ್ಡದಾರಿ

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ತಮ್ಮನ ಸಲುವಾಗಿ ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ ಅಂತ ಓಡಾಟದಲ್ಲಿದ್ದೆ.

ಅವನು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಮೂರು ವರ್ಷದಿಂದ ಆಗಾಗ ಎದೆ ಇದ್ದಕ್ಕಿದ್ದಂತೆ ಓಡುವುದು, ತಟ್ಟನೆ ನಿಲ್ಲುವುದು. "ಘಾಟಿಗೆ ಹಂಗಾಗ್ತೈತಿ" ಅಂತ ಅವ್ವ. ಒಬ್ಬ ಡಾಕ್ಟರು ಗ್ಯಾಸ್ ಅಂದರು, ಇನ್ನೊಬ್ಬರು ಹೆದರಿಕೆ ಅಂದರು. ನಾನೂ ಫೋನಿನಲ್ಲಿ "ಧೈರ್ಯ ತಗೋಳೋ" ಅಂದವನೇ. ಈ ಸಲ ಲೆಕ್ಕದ ಪುಸ್ತಕದ ಮೇಲೇ ಕುಸಿದುಬಿಟ್ಟ.

ರಾಣೆಬೆನ್ನೂರಿನ ಡಾಕ್ಟರು ಇಸಿಜಿ ಕಾಗದ ಹರಡಿ ತೋರಿಸಿದರು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ತಿಗೆ ಒಂದೇ ದಾರಿ, ನಡುವೆ ರೈಲ್ವೆ ಗೇಟಿನಂಥ ಎವಿ ನೋಡ್. ಅಲ್ಲಿ ಸ್ವಲ್ಪ ತಡೆದು ಮುಂದೆ ಬಿಡಬೇಕು. ಕಾಗದದಲ್ಲಿ ಆ ಸಮಯ 3ರಿಂದ 5 ಸಣ್ಣ ಚೌಕ, ಅಂದರೆ 0.12ರಿಂದ 0.20 ಸೆಕೆಂಡು. ತಮ್ಮನದು ಎರಡೇ ಚೌಕ! ಹುಟ್ಟಿನಿಂದಲೇ ಇರುವ ಸ್ನಾಯುವಿನ ಎಳೆಯೊಂದು ಗೇಟು ತಪ್ಪಿಸುವ ಅಡ್ಡದಾರಿಯಾಗಿತ್ತು. ಅದಕ್ಕೇ ದೊಡ್ಡ ಅಲೆ ನೆಟ್ಟಗೆ ಏಳದೆ ಇಳಿಜಾರಾಗಿ ಶುರುವಾಗುತ್ತದೆ. ಅದು ಡೆಲ್ಟಾ ಅಲೆ. ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು 1930ರಲ್ಲಿ ವಿವರಿಸಿದ ಕಾಯಿಲೆ ಇದು. ಮೇಲಿನ ಕೋಣೆಯ ಲಯ ಪೂರ್ತಿ ತಪ್ಪಿದರೆ ಈ ದಾರಿಯಿಂದಲೇ ಜೀವಕ್ಕೆ ಕುತ್ತು ಬರಬಹುದಂತೆ.

"ಎಳೆ ಎಲ್ಲೈತ್ರಿ?" ಅಂದೆ.

ಎದೆಮೂಳೆಯ ಬಲಕ್ಕೆ ಅಂಟಿಸುವ ವಿ1ರಲ್ಲಿ ಅಲೆ ಮೇಲಕ್ಕಿತ್ತು. ಅಂದರೆ ವಿದ್ಯುತ್ತು ಎಡದಿಂದ ಆ ಕಡೆಗೆ ಬರುತ್ತಿದೆ, ಎಳೆ ಎಡಭಾಗದ್ದು. ಎಡತೋಳಿನ ಕಡೆಯಿಂದ ನೋಡುವ ಎವಿಎಲ್‌ನಲ್ಲಿ ಡೆಲ್ಟಾ ಕೆಳಕ್ಕಿತ್ತು. ಅಂದರೆ ವಿದ್ಯುತ್ತು ಆ ಕಡೆಯಿಂದ ದೂರ ಸರಿಯುತ್ತಿದೆ, ಎಳೆ ಎಡದ ಹೊರಗೋಡೆಯಲ್ಲಿದೆ. "ಇದು ಓಣಿ ತೋರಿಸ್ತೈತ್ರಿ, ಮನಿ ನಂಬರ್ ಅಲ್ಲ" ಅಂತ ನಕ್ಕರು.

ಮನೆ ಹುಡುಕಿದ್ದು ಹುಬ್ಬಳ್ಳಿಯಲ್ಲಿ. ತೊಡೆಸಂದಿಯಿಂದ ತೆಳುವಾದ ತಂತಿಗಳನ್ನು ಹೃದಯದವರೆಗೆ ಕಳಿಸಿ, ಎಳೆ ಇರುವ ಜಾಗವನ್ನು ಶಾಖದಿಂದ ಸುಟ್ಟರು. ಡೆಲ್ಟಾ ಮಾಯವಾಯ್ತು. "ಅಣ್ಣಾ, ಎದಿ ಈಗ ತಣ್ಣಗೈತಿ" ಅಂದ.

ಊರಿಗೆ ಬಂದು ರೇಷನ್ ಕಾರ್ಡ್ ಹುಡುಕುವಾಗ, ಮೂರು ವರ್ಷದ ಹಿಂದೆ ಹಾವೇರಿಯಲ್ಲಿ ತೆಗೆಸಿದ್ದ ಇಸಿಜಿ ಸಿಕ್ಕಿತು. ಮಾಸಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದೆ. ಎರಡೇ ಚೌಕ, ಅದೇ ಇಳಿಜಾರು.

ಅವನು ಹೆದರಿರಲಿಲ್ಲ. ಅವನ ಮಾತು ಯಾರೂ ನಂಬಲಿಲ್ಲ, ನಾನೂ.

ನಿಮ್ಮ ಮನೆಯಲ್ಲೂ ಹಳೆಯ ಇಸಿಜಿ ಇದ್ದರೆ ಒಂದು ಜೆರಾಕ್ಸ್ ಮಾಡಿಸಿಡಿ. ಆ ಕಾಗದ ಬೇಗ ಮಾಸುತ್ತದೆ.