ಹೊಟ್ಟೆಪಟ್ಟಿಯ ಕೆಳಗಿನ ಗಂಟು

ಎಡಗಡೆಯಿಂದ ಬನ್ನಿ. ಭುಜದ ಪಕ್ಕಕ್ಕೆ ನಿಂತುಕೊಳ್ಳಿ, ಹಿಂಗಾಲಿನ ಕಡೆ ಬೇಡ. ಮೊದಲು ನಿಮ್ಮ ದನಿ ಕೇಳಿಸಲಿ, ಆಮೇಲೆ ಕೈ ಇಡಿ. ಮೈಸೂರಿನ ಟಾಂಗಾದವರ ಈ ಲಾಯಕ್ಕೆ ಬಾಗಿಲಿಲ್ಲ; ಮೇಲೆ ತಗಡು, ನೆಲದಲ್ಲಿ ಹೂತ ಗೂಟಗಳು, ಬಕೆಟ್ಟಿನಲ್ಲಿ ನೆನೆದ ಹುರುಳಿ. ರಾತ್ರಿ ಸುರಿದ ಶ್ರಾವಣದ ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿದೆ, ನೊಣಗಳು ಮುತ್ತಿಕೊಂಡಿವೆ. ಪಕ್ಕದ ಮನೆಯ ಹಸುಗಳನ್ನೂ ಇದೇ ತಗಡಿನ ಅಂಚಿಗೆ ಕಟ್ಟಿದ್ದಾರೆ. ಆ ಹಸುಗಳ ಕಡೆ ಒಂದು ಕಣ್ಣಿರಲಿ.

ಗೂಟದಲ್ಲಿರುವ ಕಂದುಗುದುರೆ ರಾಣಿ. ಡಾಕ್ಟರಮ್ಮ ತುಟಿ ಎತ್ತಿ ಹಲ್ಲು ನೋಡುತ್ತಾರೆ: ಐದು, ಆರು ವರ್ಷ. ಮುಂಗಾಲಿನ ಮೊಣಕೈ ಹಿಂದೆ, ಟಾಂಗಾದ ಹೊಟ್ಟೆಪಟ್ಟಿ ಹಾಯುವ ಜಾಗದಲ್ಲಿ, ಒಂದು ಕೆಂಪು ಗಂಟು ಎದ್ದಿದೆ. ಯಜಮಾನರು ಅದನ್ನು ಗೋಣಿತುಂಡಿನಿಂದ ಮುಚ್ಚಿದ್ದಾರೆ.

"ನರೂಲಿ ಅಷ್ಟೇ ಡಾಕ್ಟರಮ್ಮಾ. ಊರೋರೆಲ್ಲ ನರೂಲಿಗೆ ನಮ್ ಕುದ್ರೆ ಬಾಲದ ಕೂದ್ಲು ಇಸ್ಕೊಂಡ್ ಹೋಗ್ತಾರೆ. ಅದನ್ನೇ ಇದಕ್ಕೂ ಬಿಗಿದಿದ್ದೆ."

"ಬಿತ್ತಾ ಭಾಯ್?"

"ಬಿತ್ತು. ಆಮೇಲೆ ಡಬಲ್ ಆಗಿ ಬಂತು."

ಡಾಕ್ಟರಮ್ಮ ಗಂಟಿನ ಹತ್ತಿರ ಇನ್ನೂ ಹೋಗಿಲ್ಲ. ಮಾಸ್ಕ್ ಹಾಕಿ, ಎರಡು ಜೊತೆ ಗ್ಲೌಸ್ ತೊಟ್ಟು, ಟಾರ್ಚ್ ಹಿಡಿದು ಮೊದಲು ಮೂಗಿನ ಹೊಳ್ಳೆ ಅಗಲಿಸುತ್ತಾರೆ. ನೀವೂ ಬಗ್ಗಿ ನೋಡಿ: ಒಳಪೊರೆ ತಿಳಿಗೆಂಪು, ಒದ್ದೆ, ನುಣುಪು. ಹುಣ್ಣಿಲ್ಲ, ನಕ್ಷತ್ರದಾಕಾರದ ಹಳೆಯ ಕಲೆಯಿಲ್ಲ, ಅಂಟು ಸಿಂಬಳವಿಲ್ಲ. ಬೆರಳುಗಳು ದವಡೆಯ ಕೆಳಗೆ ಹರಿದು ಗಡ್ಡೆ ಹುಡುಕುತ್ತವೆ. ಆಮೇಲೆ ಹಿಂಗಾಲಿನ ಒಳಭಾಗ, ತೊಡೆಯಿಂದ ಗೊರಸಿನವರೆಗೆ. ಹುಡುಕುತ್ತಿರುವುದು ಗ್ಲ್ಯಾಂಡರ್ಸ್ ರೋಗವನ್ನು. ಅದರಲ್ಲಿ ಚರ್ಮದ ಗಂಟುಗಳು ದುಗ್ಧನಾಳದ ಗುಂಟ ಸಾಲಾಗಿ ಎದ್ದು ಒಡೆದು, ಜೇನುಬಣ್ಣದ ಅಂಟು ಕೀವು ಸುರಿಸುತ್ತವೆ. ಅದು ಮನುಷ್ಯರಿಗೂ ಹತ್ತುತ್ತದೆ, ಕೊಲ್ಲುತ್ತದೆ, ಲಸಿಕೆಯಿಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯ್ದೆಯ ಪ್ರಕಾರ ಅನುಮಾನ ಬಂದರೂ ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ರಕ್ತದ ಮಾದರಿಗಳ ಅಂತಿಮ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ. ಖಚಿತವಾದರೆ ಆ ಕುದುರೆಗೆ ಚಿಕಿತ್ಸೆಯಿಲ್ಲ, ದಯಾಮರಣವೇ. ಪರಿಹಾರ ಸಿಗುತ್ತದೆ ಎನ್ನುವುದು ನಿಜ, ಆದರೂ ಈ ಭಯಕ್ಕೇ ಎಷ್ಟೋ ಮಂದಿ ಗಂಟನ್ನು ಗೋಣಿಯಿಂದ ಮುಚ್ಚುತ್ತಾರೆ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ಬಂದು ನೋಡುವವರು ಹೆದರಿಸದೆ ನೋಡಬೇಕು.

ರಾಣಿಯ ಕಾಲುಗಳು ಚೊಕ್ಕವಾಗಿವೆ. ಜ್ವರವಿಲ್ಲ. ಯಜಮಾನರ ಕೈ ಕಡಿವಾಣದ ಮೇಲೆ ಸ್ವಲ್ಪ ಸಡಿಲವಾಗುತ್ತದೆ.

ಈಗ ಗಂಟು. ಗೋಣಿ ತೆಗೆದ ಕೂಡಲೇ ನೊಣಗಳು ಏಳುತ್ತವೆ. ಉಪ್ಪುನೀರಿನಲ್ಲಿ ತೊಳೆದ ಮೇಲೆ ನೋಡಿ: ಹೂಕೋಸಿನ ಹಾಗೆ ಬಿರಿದ, ಹಸಿಮಾಂಸದ ಬಣ್ಣದ ಮುಖ, ಅಳತೆಪಟ್ಟಿ ಇಟ್ಟರೆ ಮೂರೂವರೆ ಸೆಂಟಿಮೀಟರ್. ಪಟ್ಟಿ ಉಜ್ಜಿದ ಕಡೆ ರಕ್ತ ಜಿನುಗುತ್ತಿದೆ. ಗ್ಲೌಸಿನ ಬೆರಳುಗಳಲ್ಲಿ ಬುಡ ಹಿಡಿದು ಅಲ್ಲಾಡಿಸಿದರೆ ಚರ್ಮದ ಜೊತೆ ಸರಿಯುತ್ತದೆ, ಒಳಗಿನ ಸ್ನಾಯುವಿಗೆ ಕಚ್ಚಿಕೊಂಡಿಲ್ಲ. ಅದು ಒಳ್ಳೆಯ ಸುದ್ದಿ. ಕತ್ತಿನ ಬುಡದಲ್ಲಿ ಇನ್ನೊಂದು ಗುರುತು ನೀವು ಗಮನಿಸಿರಲಿಕ್ಕಿಲ್ಲ: ಕೂದಲು ತೆಳುವಾಗಿ, ಹೊಟ್ಟು ಕಟ್ಟಿದ ದುಂಡನೆಯ ಮಚ್ಚೆ. ಗಜಕರ್ಣವೆಂದು ಯಾರಾದರೂ ಮುಲಾಮು ತಿಕ್ಕಿಬಿಡುತ್ತಾರೆ. ಗಜಕರ್ಣವಾಗಿದ್ದರೆ ಕೆಲವು ವಾರಗಳಲ್ಲಿ ಹರಡಿ, ಆಮೇಲೆ ಮಾಯಬೇಕಿತ್ತು. ಇದು ಹೋದ ವರ್ಷದಿಂದ ಹಾಗೇ ಇದೆಯಂತೆ.

ಎರಡನ್ನೂ ಸೇರಿಸಿ ನೋಡಿದಾಗ ಹೆಸರು ಹೊಳೆಯುತ್ತದೆ: ಸಾರ್ಕಾಯ್ಡ್. ಕುದುರೆಯ ಚರ್ಮದ ಗಡ್ಡೆಗಳಲ್ಲಿ ಇದೇ ಅತಿ ಸಾಮಾನ್ಯ. ಇದರ ಹಿಂದಿರುವುದು ದನಗಳಲ್ಲಿ ನರೂಲಿ ಎಬ್ಬಿಸುವ ಪ್ಯಾಪಿಲೋಮಾ ವೈರಸ್ಸು. ದನಕ್ಕೆ ಬಂದ ನರೂಲಿ ಸಾಮಾನ್ಯವಾಗಿ ತಾನಾಗಿ ಉದುರುತ್ತದೆ. ಅದೇ ವೈರಸ್ಸು ಕುದುರೆಯ ಮೈಯಲ್ಲಿ ಹಟ ಹಿಡಿದು ಕೂರುತ್ತದೆ. ದಾಟಿಸುವ ಕೆಲಸದಲ್ಲಿ ನೊಣಗಳ ಪಾಲಿದೆಯೆಂದು ಬಲವಾದ ಅನುಮಾನ. ಸಾರ್ಕಾಯ್ಡ್ ಒಳ ಅಂಗಗಳಿಗೆ ಹರಡುವುದಿಲ್ಲ, ಮನುಷ್ಯರಿಗೆ ಹತ್ತುವುದಿಲ್ಲ. ಆದರೆ ಕೆಣಕಿದರೆ ಕೆರಳುತ್ತದೆ. ಕೂದಲು ಬಿಗಿದರೆ, ಸುಣ್ಣ ಹಚ್ಚಿದರೆ, ಬ್ಲೇಡಿನಲ್ಲಿ ಅರ್ಧ ಕೊಯ್ದರೆ ಬುಡದಲ್ಲಿ ಉಳಿದದ್ದು ಮುಂಚಿಗಿಂತ ಜೋರಾಗಿ ಬೆಳೆಯುತ್ತದೆ. ಪರೀಕ್ಷೆಗೆಂದು ಚೂರು ಕತ್ತರಿಸಿ ತೆಗೆಯುವುದಕ್ಕೂ ವೈದ್ಯರು ಹಿಂದೆಮುಂದೆ ನೋಡುವುದು ಇದಕ್ಕೇ. ಅಂದೇ ಪೂರ್ತಿ ಚಿಕಿತ್ಸೆಗೆ ತಯಾರಿದ್ದರೆ ಮಾತ್ರ ಕೈ ಹಾಕುತ್ತಾರೆ.

ಇವತ್ತು ತಯಾರಿದ್ದಾರೆ. ಜೀಪಿನಿಂದ ಇಳಿಯುತ್ತಿರುವ ಅಲ್ಯೂಮಿನಿಯಂ ಪಾತ್ರೆ ಹಳ್ಳಿಯವರಿಗೆ ಗುರುತಿನದೇ. ದನಗಳ ಕೃತಕ ಗರ್ಭಧಾರಣೆಯ ವೀರ್ಯಕಡ್ಡಿಗಳನ್ನು ಇಂಥದರಲ್ಲೇ ಇಡುವುದು. ಒಳಗೆ ದ್ರವ ಸಾರಜನಕ, ಮೈನಸ್ 196 ಡಿಗ್ರಿ.

ಕತ್ತಿನ ರಕ್ತನಾಳಕ್ಕೆ ಮಂಪರಿನ ಇಂಜೆಕ್ಷನ್. ಎರಡು ಮೂರು ನಿಮಿಷದಲ್ಲಿ ರಾಣಿಯ ತಲೆ ಇಳಿಯುತ್ತದೆ, ಕೆಳತುಟಿ ಜೋಲುತ್ತದೆ. ಮಂಪರಿನಲ್ಲಿದ್ದರೂ ಒದೆಯಬಲ್ಲಳು, ನಿಂತ ಜಾಗ ಬಿಡಬೇಡಿ. ಗಂಟಿನ ಸುತ್ತ ಮರಗಟ್ಟಿಸುವ ಮದ್ದು, ಆಚೆಯ ಒಳ್ಳೆಯ ಚರ್ಮಕ್ಕೆ ದಪ್ಪಗೆ ವ್ಯಾಸಲೀನ್. ಚೂರಿಯಿಂದ ಮೇಲಿನ ಉಬ್ಬನ್ನು ಒಂದೇ ಸಲಕ್ಕೆ ತೆಗೆದು ಫಾರ್ಮಲಿನ್ ಡಬ್ಬಿಗೆ ಹಾಕಿದರು, ಅದು ಪ್ರಯೋಗಾಲಯಕ್ಕೆ. ಅಂಚಿನ ಚರ್ಮದೊಳಗೆ ಉಷ್ಣತೆ ಅಳೆಯುವ ಸೂಜಿ ಚುಚ್ಚಿ, ಬುಡಕ್ಕೆ ಸಾರಜನಕ ಸಿಂಪಡಿಸುತ್ತಾರೆ. ಸುಯ್ ಎಂಬ ಸದ್ದು, ಬಿಳಿ ಹೊಗೆ. ಕೆಂಪು ಮಾಂಸ ಬೆಳ್ಳಗಾಗಿ ಕಲ್ಲಾಗುತ್ತದೆ. ಸೂಜಿ ಮೈನಸ್ 25 ತೋರಿಸಿದ ಮೇಲೆ ನಿಲ್ಲಿಸಿ, ತಾನಾಗಿ ಕರಗಲು ಬಿಡುತ್ತಾರೆ. ಅವಸರ ಮಾಡಿ ಬಿಸಿನೀರು ಹುಯ್ಯುವಂತಿಲ್ಲ. ನಿಧಾನ ಕರಗುವಾಗಲೇ ಜೀವಕೋಶಗಳು ಹೆಚ್ಚು ಸಾಯುವುದು. ಕರಗಿದ ಮೇಲೆ ಮತ್ತೊಮ್ಮೆ ಹೆಪ್ಪುಗಟ್ಟಿಸುತ್ತಾರೆ.

ಕರಗುವಷ್ಟರಲ್ಲಿ ಯಜಮಾನರ ಮೊಮ್ಮಗ ನಿಮ್ಮನ್ನು ಆಚೆ ಗೂಟಕ್ಕೆ ಕರೆಯುತ್ತಾನೆ. ಮದುವೆ ಮೆರವಣಿಗೆಗೆ ಹೋಗುವ ಬಿಳಿ ಗಂಡುಗುದುರೆ. ಬಾಲ ಎತ್ತಿದರೆ ಬುಡದಲ್ಲಿ ಗುಂಡನೆಯ ಕಪ್ಪು ಗಂಟುಗಳು, ಗಟ್ಟಿ, ನೋವಿಲ್ಲ. ಡಾಕ್ಟರಮ್ಮ ದೂರದಿಂದಲೇ ನೋಡಿ ಮೆಲನೋಮಾ ಎನ್ನುತ್ತಾರೆ. ವಯಸ್ಸಾಗುತ್ತಾ ಬೆಳ್ಳಗಾಗುವ ಕುದುರೆಗಳಲ್ಲಿ ಹದಿನೈದು ದಾಟಿದವುಗಳ ಪೈಕಿ ಹೆಚ್ಚಿನವಕ್ಕೆ ಇದು ಬರುತ್ತದೆ. ಬಿಳುಪು ತರುವ ಜೀನಿನ ಬದಲಾವಣೆಯೇ ಇದನ್ನೂ ತರುವುದೆಂದು 2008ರಲ್ಲಿ ಗೊತ್ತಾಯಿತು. ವರ್ಷಗಟ್ಟಲೆ ಸುಮ್ಮನಿರಬಹುದು, ಒಂದು ದಿನ ಒಳಗೂ ಹಬ್ಬಬಹುದು. ಲದ್ದಿ ಹಾಕಲು ತಿಣುಕುತ್ತಿದೆಯೇ ಎಂದು ಕೇಳುತ್ತಾರೆ. ಇಲ್ಲವಂತೆ. ಹಾಗಾದರೆ ಸಣ್ಣದಿರುವಾಗಲೇ ತೆಗೆಸುವುದು ವಾಸಿ, ಆಸ್ಪತ್ರೆಗೆ ಕರೆತನ್ನಿ ಎನ್ನುತ್ತಾರೆ. ಹುಡುಗ ಮುಂಗಾಲಿನ ಒಳಬದಿಯ ಒರಟು ಗಂಟನ್ನೂ ತೋರಿಸುತ್ತಾನೆ. ಅದು ರೋಗವೇ ಅಲ್ಲ, ಹುಟ್ಟಿನಿಂದ ಹೆಚ್ಚುಕಡಿಮೆ ಎಲ್ಲ ಕುದುರೆಗಳಿಗೂ ಇರುವಂಥದ್ದು.

ಎರಡನೆಯ ಸರದಿ ಮುಗಿಯಿತು. ಗಾಯಕ್ಕೆ ಮದ್ದು, ಸುತ್ತ ನೊಣ ಓಡಿಸುವ ಸ್ಪ್ರೇ. ಮೂರು ನಾಲ್ಕು ವಾರದಲ್ಲಿ ಹೊಪ್ಪಳೆ ಕಳಚುತ್ತದೆ, ಆ ಜಾಗದಲ್ಲಿ ಬಿಳಿಕೂದಲು ಬರಬಹುದು. ಗಂಟು ಮರಳಿ ಬರುವ ಸಾಧ್ಯತೆಯೂ ಇದೆ. ಅದನ್ನು ಡಾಕ್ಟರಮ್ಮ ಮುಚ್ಚಿಡುವುದಿಲ್ಲ. ಹಸುಗಳನ್ನು ಅಂಗಳದ ಆ ತುದಿಗೆ ಕಟ್ಟಿಸಿ, ಗಂಜಲ ನಿಲ್ಲದ ಹಾಗೆ ಕಾಲುವೆ ತೋಡಿ ಎಂದೂ ಹೇಳುತ್ತಾರೆ.

"ಕತ್ತಿನ ಮಚ್ಚೆಗೆ ಏನೂ ಹಚ್ಚಬೇಡಿ ಭಾಯ್. ತಿಂಗಳಿಗೊಂದು ಸಲ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಕಳಿಸಿ, ಸಾಕು."

"ಎಣ್ಣೆ?"

"ಎಣ್ಣೇನೂ ಬೇಡ."

"ದಸರಾಕ್ಕೆ ಗಾಡಿ ಕಟ್ಟಬೋದಾ ಡಾಕ್ಟರಮ್ಮಾ? ವರ್ಷದ ದುಡಿಮೆ ಅದೇ."

ಡಾಕ್ಟರಮ್ಮ ಹೊಟ್ಟೆಪಟ್ಟಿಯನ್ನು ಕೈಗೆತ್ತಿಕೊಂಡು, ಅದು ಗಾಯದ ಮೇಲೆ ಹಾಯುವ ಜಾಗವನ್ನು ಹೆಬ್ಬೆರಳಿನಿಂದ ತೋರಿಸುತ್ತಾರೆ. "ಇಲ್ಲಿ ಚರ್ಮ ಪೂರ್ತಿ ಕೂಡಿರಬೇಕು. ಈ ಪಟ್ಟಿಯ ಒಳಗಡೆ ದಪ್ಪ ಉಣ್ಣೆಬಟ್ಟೆ ಹೊಲಿಸಿಡಿ. ದಸರಾಕ್ಕೆ ಹದಿನೈದು ದಿನ ಇರುವಾಗ ಫೋನ್ ಮಾಡಿ, ನಾನೇ ಬಂದು ನೋಡಿ ಹೇಳ್ತೀನಿ."